ಜೆಸಿಂತಾಗೆ, ಬೇಸ್ ಒಪ್ಪಿಸುವ ಮುನ್ನ

ಕೂತ್ಕೊ. ಮೊದಲು ಬೆಲ್ಟಿನ ಮಾತು.
ಅಂಗಡಿಯವನು ಎರಡು ಬೆರಳಗಲದ್ದು ಕೊಡ್ತಾನೆ, ತಗೋಬೇಡ.
ಸಂತೇಪೇಟೆಯಲ್ಲಿ ಅಯೂಬ್ ಇದ್ದಾನೆ, ಚಪ್ಪಲಿ ಹೊಲಿಯೋನು,
ಅಂಗೈಯಗಲದ ಚರ್ಮ ಹೊಲಿಸ್ಕೊ.
ನಾಲ್ಕೂವರೆ ಕೇಜಿ ಇದು.
ರಿಸೆಪ್ಷನ್ ಅಂದ್ರೆ ನಾಲ್ಕು ಗಂಟೆ ನಿಲ್ಲೋದು,
ಗಂಡಿನ ಕಡೆಯವರು ತಡವಾದ್ರೆ ಐದು.

ಹೊಸ ತಂತಿ ದುಬಾರಿ.
ಹಳೆಯದರ ದನಿ ಮಂಕಾದಾಗ ಬಿಚ್ಚಿ, ಸುರುಳಿ ಸುತ್ತಿ,
ಹತ್ತು ನಿಮಿಷ ನೀರಲ್ಲಿ ಕುದಿಸು, ಒರೆಸಿ ಒಣಗಿಸು.
ಇನ್ನೆರಡು ವಾರ ಮಾತಾಡುತ್ತೆ.
ಅಡುಗೆಮನೆಗೆ ಇಣುಕಿದ ನನ್ನ ಹೆಂಡತಿ ಕೇಳಿದ್ದಳು:
ಶ್ಯಾವಿಗೆಗೆ ಉಪ್ಪು ಹಾಕಿದ್ರಾ?

ಎಡಗೈಯನ್ನು ಫ್ರೆಟ್ಟಿನ ಮೇಲೆ ಒತ್ತಬೇಡ,
ಅದರ ಬೆನ್ನಿಗೆ ಒತ್ತು, ಅಂಟಿಕೊಂಡ ಹಾಗೆ.
ಕೆಳಗಿನ ಮನೆಗಳಲ್ಲಿ
ಉಂಗುರದ ಬೆರಳು, ಕಿರುಬೆರಳು
ಎರಡನ್ನೂ ಜೋಡಿ ಎತ್ತಿನ ಹಾಗೆ ಹೂಡು.
ನಾನು ಒಂದನ್ನೇ ದುಡಿಸಿದೆ.
ನೋಡು, ಮಡಚಿದರೆ ತಾನಾಗಿ ಬಿಚ್ಚಲ್ಲ,
ಇನ್ನೊಂದು ಕೈಯಿಂದ ಎಳೀಬೇಕು.
ಡಿಪೋದಲ್ಲಿ ಸ್ಪ್ಯಾನರ್ ಕೂಡ ಎಡಗೈಗೆ ಕೊಡಲ್ಲ ಈಗ.

ಬಲಗೈಯ ಎರಡು ಬೆರಳು ನಡೀತಾ ಇರಲಿ,
ಒಂದಾದ ಮೇಲೆ ಒಂದು, ಅವಸರವಿಲ್ಲದೆ.
ಹೆಬ್ಬೆರಳು ದಪ್ಪ ತಂತಿಯ ಮೇಲೆ ಮಲಗಿರಲಿ.
ಸುಮ್ಮನೆ ಬಿಟ್ಟ ತಂತಿ ಗೊಣಗುತ್ತೆ,
ಅದರ ಬಾಯಿ ಮುಚ್ಚಿಸೋದೇ ಹೆಚ್ಚು ಕೆಲಸ.

ಹಳೇಬೀಡಿನ ದಾರಿಯ ಒಂದು ಛತ್ರದಲ್ಲಿ ಅರ್ಥಿಂಗ್ ಇರಲಿಲ್ಲ.
ಕೋರಸ್ಸಿಗೆ ಬಗ್ಗಿದೆ, ಮೈಕು ತುಟಿಗೆ ಹೊಡೀತು.
ಮೂರು ದಿನ ಕಾಫಿಯ ರುಚಿ ಗೊತ್ತಾಗಲಿಲ್ಲ,
ಹಾಸನದಲ್ಲಿ ಹುಟ್ಟಿದವನಿಗೆ!
ನೀನು ಮೊದಲು ತಂತಿಯನ್ನು ಮೈಕಿಗೆ ತಾಗಿಸಿ ನೋಡು.
ಕಿಡಿ ಹಾರಿದರೆ ಸೌಂಡಿನವನನ್ನು ಕರಿ,
ದೇವರನ್ನು ಆಮೇಲೆ ಕರೀಬಹುದು.

ವೇದಿಕೆ ಹತ್ತಿದ ಮೇಲೆ ವಿಶಾಲಾಕ್ಷಿ ಹೇಳ್ತಾಳೆ,
ಗಂಟಲು ಕಟ್ಟಿದೆ, ಅರ್ಧ ಮನೆ ಇಳಿಸಿ.
ಕೀಬೋರ್ಡಿನವನು ಗುಂಡಿ ಒತ್ತಿ ಹಲ್ಲು ಕಿರೀತಾನೆ.
ನಿನಗೆ ಗುಂಡಿ ಇಲ್ಲ.
ಖಾಲಿ ತಂತಿ ನಂಬಿಕೊಂಡು ಹಾಡು ಕಲೀಬೇಡ.
ಎಲಿಯಾಸನ ಬಲಗಾಲು ನೋಡು, ಮುಖ ನೋಡಬೇಡ,
ಮುಖ ಯಾವಾಗಲೂ ಮುಂದಿನ ಹಾಡಲ್ಲಿರುತ್ತೆ.

ಊಟ ಮೊದಲೇ ಮಾಡು. ದುಡ್ಡೂ ಮೊದಲೇ ಕೇಳು,
ಕೇಬಲ್ ಸುತ್ತೋ ಹೊತ್ತಿಗೆ ಹೆಣ್ಣಿನ ಮಾವ ಮಲಗಿರ್ತಾನೆ.
ಜಾಕು ಕಿತ್ತಿಡು, ಮರೀಬೇಡ,
ಇಲ್ಲದಿದ್ರೆ ಬ್ಯಾಟರಿ ರಾತ್ರಿಯೆಲ್ಲ
ಯಾರಿಗೋ ನುಡಿಸ್ತಾ ಇರುತ್ತೆ.

ಇನ್ನೊಂದು.
ಜನರೇಟರ್ ಬೋರಣ್ಣನಿಗೆ ಎರಡೂ ಕಿವಿ ಕೇಳಲ್ಲ,
ಆ ಡಬ್ಬದ ಪಕ್ಕ ಇಪ್ಪತ್ತು ವರ್ಷ ಮಲಗಿ ಕಳಕೊಂಡದ್ದು.
ಹಾಡು ಶುರುವಾಯ್ತು ಅಂದ್ರೆ ಬರ್ತಾನೆ,
ನನ್ನ ಬಾಕ್ಸಿಗೆ ಬೆನ್ನು ಕೊಟ್ಟು ಬೀಡಿ ಹಚ್ತಾನೆ.
ಬೆಚ್ಚಗಿರುತ್ತೆ ಅಂತ ಕೂರ್ತಾನೆ ಅಂದುಕೊಂಡಿದ್ದೆ ಇಷ್ಟು ವರ್ಷ.
ಮೊನ್ನೆ ಅರಸೀಕೆರೆಯಲ್ಲಿ ಸಾಮಾನು ಕಟ್ಟುವಾಗ
ಹೆಗಲು ತಟ್ಟಿ, ಕೂಗಿಯೇ ಹೇಳಿದ,
ಮೆಲ್ಲಗೆ ಮಾತಾಡೋದು ಅವನಿಗೆ ಮರೆತುಹೋಗಿದೆ:
ಇವತ್ತು ಎರಡು ಸಲ ಎಡವಿದೆ ಕಣಯ್ಯ ನೀನು.

ಎಲಿಯಾಸನಿಗೆ ಗೊತ್ತಾಗಿರಲಿಲ್ಲ, ವಿಶಾಲಾಕ್ಷಿಗೂ.
ಬೆರಳು ಸಿಕ್ಕಿಕೊಂಡಿದ್ದು ಎರಡೇ ಸಲ.
ನಿನಗೆ ಫೋನು ಮಾಡಿದ್ದು ಅವತ್ತು ರಾತ್ರಿಯೇ,
ಗಾಡಿಯಿಂದಲೇ.

ಶನಿವಾರ ಸಕಲೇಶಪುರ. ಐದಕ್ಕೆ ಮಹಾವೀರ ಸರ್ಕಲ್ಲಿಗೆ ಗಾಡಿ ಬರುತ್ತೆ.
ಡ್ರಮ್ಮಿನ ಕೆಳಗೆ ಇದನ್ನು ಹಾಕಗೊಡಬೇಡ, ಮಡಿಲಲ್ಲಿಟ್ಟುಕೊ.
ಬಾಕ್ಸನ್ನು ಗೋಡೆಗೆ ಪೂರ್ತಿ ತಳ್ಳಬೇಡ,
ಪಕ್ಕದಲ್ಲಿ ಒಬ್ಬ ಕೂರೋಷ್ಟು ಜಾಗ ಬಿಡು.
ಚೆನ್ನಾಗಿತ್ತಾ ಅಂತ ಅವನ ಹತ್ತಿರ ಕೇಳಬೇಡ.
ಬೀಡಿ ಮುಗಿದ ಮೇಲೂ ಎದ್ದು ಹೋದನಾ,
ಅಷ್ಟು ನೋಡ್ಕೊ.