ಸ್ವಇಚ್ಛೆಯಿಂದ ಎಂಬುದು ಎಲ್ಲಿ ಕೂರಬೇಕು

ಪೊನ್ನಂಪೇಟೆ ಕೋರ್ಟಿನ ಹಿಂಬದಿಯ ಕೋಣೆಯಲ್ಲಿ
ನನಗೊಂದು ಮೇಜು, ಎರಡು ನಿಘಂಟು, ಕಾಲು ಕುಂಟುವ ಕುರ್ಚಿ.
ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ,
ಪುಟಕ್ಕಿಷ್ಟು ಎಂದು ಕೂಲಿ.
ಇವತ್ತು ತಡೆದದ್ದು ಒಂದೇ ಸಾಲು,
ತೋಟದವರ ಪ್ರಮಾಣಪತ್ರದ ಏಳನೇ ಪ್ಯಾರಾ:
ಲೈನ್ ಮನೆ ‘ವಾಸ್ ವಾಲಂಟರಿಲಿ ವೆಕೇಟೆಡ್’.

ಹತ್ತು ಗಂಟೆಗೆ ಕೂತವನು
ಕಾಫಿ ಆರಿದರೂ ಅಲ್ಲೇ ಇದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿ ಚೋಂದಮ್ಮ ಟೀಚರ್ ಕಲಿಸಿದ್ದರು:
ಪ್ಯಾಸಿವ್ ವಾಯ್ಸಿನಲ್ಲಿ ಕ್ರಿಯಾವಿಶೇಷಣದ ಜಾಗ
‘ವಾಸ್’ಗೂ ಮುಂದಿನ ಕ್ರಿಯಾಪದಕ್ಕೂ ನಡುವೆ,
ಕುಟ್ಟದ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವಳು
ಸೊಂಟ ಓರೆ ಮಾಡಿ ನುಸುಳಿ ಕೂತ ಹಾಗೆ.
ಬೋರ್ಡಿನ ಮೇಲೆ ಉದಾಹರಣೆ ಬರೆದರು:
ಹಂದಿ ಮಾಂಸ ನಿಧಾನವಾಗಿ ಬೇಯಿಸಲ್ಪಟ್ಟಿತು.
ಯಾರು ಬೇಯಿಸಿದ್ದು ಟೀಚರ್, ಎಂದ ಹಿಂದಿನ ಬೆಂಚಿನ ಪೆಮ್ಮಯ್ಯ.
ಸೀಮೆಸುಣ್ಣದ ಕೈ ಸೆರಗಿಗೆ ಒರೆಸಿ ಹೇಳಿದರು:
‘ಗೊತ್ತಿದ್ದರೂ ಹೇಳದೆ ಇರಬಹುದು. ಅದಕ್ಕೇ ಇರುವುದು ಪ್ಯಾಸಿವ್.’
ನಾವು ನಕ್ಕೆವು. ಊಟದ ಗಂಟೆ ಹತ್ತಿರವಿತ್ತು.
ನಿಧಾನ ಬೇಯಿಸಿದವರದೋ ಬೆಂದದ್ದರದೋ
ಹಸಿದವರು ಯಾರೂ ಕೇಳಲಿಲ್ಲ.

ಈಗ ಕೇಳುತ್ತಿದ್ದೇನೆ. ವಾಲಂಟರಿಲಿ. ಯಾರ ಇಚ್ಛೆ?
‘ಮನೆ ಸ್ವಇಚ್ಛೆಯಿಂದ ತೆರವುಗೊಳಿಸಲ್ಪಟ್ಟಿತು’ ಎಂದರೆ
ಮನೆಯೇ ಮನಸ್ಸು ಮಾಡಿ ಎದ್ದು ಹೋದಂತೆ,
ಕಂಕುಳಲ್ಲಿ ಪಾತ್ರೆ, ತಲೆಯ ಮೇಲೆ ಚಾಪೆ.
‘ಚೀರು ಸ್ವಇಚ್ಛೆಯಿಂದ ಮನೆ ಬಿಟ್ಟಳು’ ಎಂದರೆ
ಇಂಗ್ಲಿಷ್ ಹೇಳದ ಹೆಸರು ನಾನು ಹೇಳಿದಂತಾಯಿತು,
ತೋಟದವರ ಮಾತಿಗೆ ನನ್ನದೊಂದು ಸಹಿ.
‘ಬಿಡಿಸಿದರು’ ಎಂದರೆ ವಕೀಲರು ಏಳುತ್ತಾರೆ:
ಅನುವಾದಕರು ಸಾಕ್ಷಿ ನುಡಿಯುತ್ತಿದ್ದಾರೆ ಸ್ವಾಮಿ!

ಅಲ್ಪಡು, ಅಲ್ಪಡು.
ನಮ್ಮಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ಸರ್ಕಾರವನ್ನು ಬಿಟ್ಟು.
ಆದರೂ ಆ ಬಾಲದಲ್ಲೊಂದು ‘ಪಡು’ ಇದೆ ನೋಡಿ:
ಕಷ್ಟಪಡು, ಭಯಪಡು, ಪಡಬಾರದ ಪಾಡು ಪಡು.
ಇಂಗ್ಲಿಷಿನ ವಾಸ್ ಸುಮ್ಮನೆ ‘ಇತ್ತು’ ಅನ್ನುತ್ತದೆ,
ಕನ್ನಡದಲ್ಲಿ ಪಟ್ಟವರು ಒಬ್ಬರು ಇರಲೇಬೇಕು.
ಇಷ್ಟಪಡು ಅಂತಲೂ ಇದೆ.
ಅದು ವಕೀಲರಿಗೆ ನೆನಪಾಗದಿರಲಿ.

ಫೈಲಿನ ಇನ್ನೊಂದು ಮಗ್ಗುಲಿಗೆ ಚೀರುವಿನ ಹೇಳಿಕೆ.
ತನ್ನ ಎರವ ಮಾತು ಬದಿಗಿಟ್ಟು
ನಮಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದ್ದಾಳೆ:
‘ಮಳೆ ಇತ್ತು. ಮಾಡಿನ ಶೀಟು ತೆಗೆದರು. ಒಲೆ ನೆನೆಯಿತು. ಹೊರಟೆ.’
ಬಲವಂತದಿಂದಲಾ, ಎಂದು ಕೇಳಿದ್ದಕ್ಕೆ
‘ನನ್ನನ್ನು ಯಾರೂ ಮುಟ್ಟಲಿಲ್ಲ.’
ಸ್ವಇಚ್ಛೆಯಿಂದಲಾ, ಎಂದದ್ದಕ್ಕೆ ಉತ್ತರ ದಾಖಲಾಗಿಲ್ಲ.

ಹೇಗೆ ಎಂಬುದಕ್ಕೆ ಅವಳಲ್ಲಿ ಒಂದು ಪದವೂ ಇಲ್ಲ.
ಒಲೆ ಹೇಗೆ ನೆನೆಯಿತು? ಒಲೆ ನೆನೆಯುವ ಹಾಗೆ.
ತೆಗೆದರು: ಆ ‘ರು’ವಿನಲ್ಲಿ
ಮೂರು ನಾಲ್ಕು ಮಂದಿ ಏಣಿ ಹಿಡಿದು ನಿಂತಿದ್ದಾರೆ.
ಹೊರಟೆ: ಕೊನೆಯ ಎಕಾರದಷ್ಟು ಜಾಗದಲ್ಲಿ
ಅವಳು, ಎರಡು ಕೋಳಿ.

ಮಾಡು ತೆಗೆದ ಮನೆ. ಮಾಡಿದವರನ್ನು ತೆಗೆದ ವಾಕ್ಯ.
ಎರಡರೊಳಗೂ ಮಳೆ.

ಮೂರು ಗಂಟೆಗೆ ಬೆಂಚ್ ಕ್ಲರ್ಕ್ ಇಣುಕಿದರು,
ಒಂದು ಸಾಲಿಗೆ ಒಂದು ದಿನವಾ ಮಾರಾಯ್ರೆ.
ಬರೆದುಕೊಟ್ಟೆ: ಲೈನ್ ಮನೆ ತೆರವುಗೊಳಿಸಲ್ಪಟ್ಟಿತು, ಸ್ವಇಚ್ಛೆಯಿಂದ.
ಆ ಪದವನ್ನು ನಡುವಿನ ಸೀಟಿನಿಂದ ಎಬ್ಬಿಸಿ
ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿದ್ದೇನೆ, ಕಂಬಿ ಹಿಡಿದುಕೊಳ್ಳಲಿ.
ಕೆಳಗೆ ಪೆನ್ಸಿಲಿನಲ್ಲಿ:
ಮೂಲದಲ್ಲಿ ಕರ್ತೃ ಇಲ್ಲ, ಇಚ್ಛೆ ಯಾರದೆಂದು ತಿಳಿಯದು.
ಪೆನ್ಸಿಲನ್ನು ಅಳಿಸಬಹುದು. ಅಳಿಸಲ್ಪಡಬಹುದು.

ಜಗಲಿಯ ತುದಿಯಲ್ಲಿ ಕೂತಿದ್ದವಳು
ಛತ್ರಿ ಬಿಡಿಸುತ್ತ ಕೇಳಿದಳು, ಬರೆದಾಯಿತಾ.
ಬರೆದೆ, ಎಂದೆ.
ತಿತಿಮತಿ ಬಸ್ಸು ಎಷ್ಟು ಗಂಟೆಗೆ, ಎಂದಳು.