ಕ್ವೈಟ್

ಬ್ರಿಸ್ಟಲ್ಲಿನಿಂದ ಉತ್ತರ ಬಂತು
ಚಿಕ್ಕಮಗಳೂರಿನ ನಮ್ಮ ಕ್ಯೂರಿಂಗ್ ವರ್ಕ್ಸಿಗೆ.
ಮುನ್ನೂರು ಗ್ರಾಂ ಮಾದರಿಗೆ ಎರಡೇ ಪದ: ಕ್ವೈಟ್ ಗುಡ್.
ಕೆಳಗೆ ಸಹಿ. ಸಹಿಯೇ ಉದ್ದ.

ಲೋಬೋ ಸರ್ ಕನ್ನಡಕ ಹಣೆಗೇರಿಸಿದರು.
'ಬಂತಲ್ಲ ದಾಕ್ಷಾಯಿಣಿ! ಕ್ವೈಟ್ ಅಂದರೆ ಪೂರ್ತಿ.
ಸಿಸ್ಟರ್ ಬೆನಿಗ್ನಾ ಕಲಿಸಿದ್ದರು ನಮಗೆ,
ಕ್ವೈಟ್ ರೈಟ್ ಅಂದರೆ ನೂರಕ್ಕೆ ನೂರು.'
ಕಿಲೋಗೆ ಹನ್ನೆರಡು ರೂಪಾಯಿ ಏರಿಸಿ
ಪೆನ್ಸಿಲಿನಲ್ಲಿ ಬರೆದೂಬಿಟ್ಟರು.

ನನ್ನ ಡಿಕ್ಷನರಿ ಎಂ.ಜಿ. ರಸ್ತೆಯ ಫುಟ್‌ಪಾತಿನದು, ರಟ್ಟಿಲ್ಲ.
ಅದರಲ್ಲಿ ಎರಡು ಅರ್ಥ, ಒಂದರ ಕೆಳಗೊಂದು,
ಮಾತುಬಿಟ್ಟ ಓರಗಿತ್ತಿಯರ ಹಾಗೆ:
ಸಂಪೂರ್ಣವಾಗಿ.
ತಕ್ಕಮಟ್ಟಿಗೆ.
ಯಾವಾಗ ಯಾವುದು ಎಂದು ಬರೆದಿಲ್ಲ.
ಕೊನೆಯ ಎರಡಕ್ಷರ ಅದಲುಬದಲಾದರೆ ಇನ್ನೊಂದೇ ಪದ.
ಹೋದ ವರ್ಷ ರಿಪೋರ್ಟಿನಲ್ಲಿ ನಾನೇ ಹಾಗೆ ಬರೆದು
ಒಂದಿಡೀ ಲಾಟು ಸದ್ದಿಲ್ಲದೆ ಒಳ್ಳೆಯದಾಗಿತ್ತು.

ನಮ್ಮಲ್ಲಿ ಈ ರಗಳೆ ಇಲ್ಲ ಅಂದುಕೊಂಡೆ.
ಹಸಿರು ಹೆಚ್ಚಾದರೆ ತಾನೇ ಉಬ್ಬಿ ಹಚ್ಚಹಸಿರು,
ಬಯಲು ಬಟ್ಟಬಯಲು, ಕೊನೆ ಕೊಟ್ಟಕೊನೆ.
ಪದಕ್ಕೆ ಆಳು ಬೇಕಿಲ್ಲ,
ತನ್ನ ಹೊರೆ ತಾನೇ ಹೊರುತ್ತದೆ.

ಅಷ್ಟರಲ್ಲಿ ನೆನಪಾಯಿತು,
ಮದುವೆಯಾದ ಮೂರನೇ ದಿನ, ನನ್ನ ಮೊದಲ ಸಾರು.
ಮಾವ ಒಂದು ತುತ್ತು ಉಂಡು, ಕೈ ತಡೆದು,
'ಚೆನ್ನಾಗೇನೋ ಇದೆ' ಅಂದರು.
ಮಜ್ಜಿಗೆ ಹಾಕು ಅಂದರು.

ಚೆನ್ನಾಗಿದೆ. ಚೆನ್ನಾಗೇ ಇದೆ. ಚೆನ್ನಾಗೇನೋ ಇದೆ.
ಒಂದು ಏಕಾರ ಕರೆದು ಮಣೆ ಹಾಕುತ್ತದೆ,
ಬಾಲಕ್ಕೊಂದು ನೋ ಸೇರಿತೋ
ಕೂತವರನ್ನು ಮೆಲ್ಲಗೆ ಎಬ್ಬಿಸುತ್ತದೆ.

ಸಂಜೆ, ಕಪ್ಪುಗಳು ತಣಿದ ಮೇಲೆ
ಅದೇ ಲಾಟನ್ನು ಮತ್ತೆ ಚಮಚದಲ್ಲಿ ಸೊರ್ರೆಂದು ಎಳೆದೆ.
ಬಿಸಿಯಲ್ಲಿ ಎಲ್ಲ ಕಾಫಿಯೂ ಸುಳ್ಳು ಹೇಳುತ್ತದೆ.
ಕಿತ್ತಳೆ ಸಿಪ್ಪೆ, ಆಮೇಲೆ ಬೆಲ್ಲದ ಪಾಕ,
ನಾಲಗೆಯ ಬುಡದಲ್ಲಿ ಮಾತ್ರ
ಏನೋ ಒಂದು, ಗೋಣಿಚೀಲದಂಥದ್ದು.
ಉಗುಳಬೇಕಿತ್ತು. ನುಂಗಿದೆ.

ಗೇಟಿನ ಹತ್ತಿರ ಹಾಲಮ್ಮ,
ಇಪ್ಪತ್ತಾರು ವರ್ಷದಿಂದ ಕರಿಬೀಜ ಹೆಕ್ಕುವವಳು,
ಸೆರಗಿನ ದೂಳು ಕೊಡವುತ್ತ ಕೇಳಿದಳು:
'ಏನಂದ್ರಂತೆ ಹೊರದೇಶದೋರು, ನಮ್ ಬೀಜಕ್ಕೆ?'
'ಚೆನ್ನಾಗಿದೆ ಅಂದರು.'
ನನ್ನ ಮುಖ ನೋಡಿದಳು, ಮೊರ ನೋಡುವ ಹಾಗೆ.
'ಬರೀ ಚೆನ್ನಾಗೈತೆ ಅಂದ್ರಾ,
ಚೆನ್ನಾಗೇನೋ ಐತೆ ಅಂದ್ರಾ?'

ಕಡೂರಿನ ಬಸ್ಸು ಬಂತು, ಹತ್ತಿದಳು.
ಮೇಲೆ ಕಿಟಕಿಯಲ್ಲಿ ದೀಪ.
ಲೋಬೋ ಸರ್ ಪೆನ್ಸಿಲನ್ನು ತಿರುಗಿಸಿ
ರಬ್ಬರಿನ ತುದಿ ಕಚ್ಚುತ್ತ ಕೂತಿದ್ದರು.