ಕಂಬದ ಹಿಂದಿನ ಚಾಪಿ

ನನ್ನ ದಾನವ್ವಗ ಈಗ ಹದಿನೇಳು.
ಮಗ್ಗದ ಸಪ್ಪಳದಾಗ ಹುಟ್ಟಿದಾಕಿ.
ಖಟಕ್ ಖಟಕ್ ನಡದಷ್ಟು ಹೊತ್ತು ಗಾಢ ನಿದ್ದಿ;
ಕರೆಂಟ್ ಹೋಗಿ ಬನಹಟ್ಟಿ ಗಪ್ ಆತೋ
ಎದ್ದು ಕುಂತು ಒದರ್ತಾಳ.
ಮಾತು ಇಲ್ಲ. ಒದರೂದ ಆಕಿ ಮಾತು.

ಮೂರು ಶ್ರಾವಣದ ಹಿಂದ
ಮಠದ ಪುರಾಣಕ್ಕ ಕರಕೊಂಡು ಹೋಗಿದ್ದೆ.
ಮೈಕು ಕಿರ್ರಂತು. ಆಕಿ ಕಿವಿ ಮುಚ್ಚಿ ಒದರಿದಳು.
ನೂರು ಸೆರಗು ಒಮ್ಮೆಲೆ ಹೊಳ್ಳಿದವು.
ಯಾರೋ ಅಂದ್ರು, ಹಿಂದಿನ ಜಲ್ಮದ್ದು.
ಯಾರೋ ಕೈಯಾಗ ಬಾಳೆಹಣ್ಣಿಟ್ಟು
ಬಾಗಲಾ ತೋರಿಸಿದ್ರು.
ಚಪ್ಪಲಿ ರಾಶ್ಯಾಗ ಆಕಿದು ಒಂದ ಸಿಕ್ಕಿತು,
ಇನ್ನೊಂದು ಹುಡುಕಾಕ ನಾ ನಿಲ್ಲಲಿಲ್ಲ.

ಆಮ್ಯಾಲೆ ದೇವರು ಅಂದ್ರ ಮನಿ ಜಗಲಿ ಮ್ಯಾಲಿನಾತ ಅಷ್ಟ.

ಹೋದ ವರ್ಷ, ಚಪ್ಪಲಿ ಕಾಯೂ ಬಾಳವ್ವ
ಹೊಸ್ತಲಕ್ಕ ಬಂದು ನಿಂತಳು.
ಚೀಲದಾಗ ಆ ಒಂಟಿ ಚಪ್ಪಲಿ.
ಅಷ್ಟರಾಗ ದಾನವ್ವನ ಕಾಲು ಎರಡು ಬೆರಳು ಬೆಳದಿತ್ತು.
ಹುಡುಗಿ ಯಾಕ ಹಿಂಗ ಅಂತ ಕೇಳಲಿಲ್ಲ;
ಏನು ಉಣ್ತಾಳ, ಯಾವುದಕ್ಕ ಅಂಜತಾಳ ಅಂತ ಕೇಳಿದಳು.
"ಸೋಮವಾರ ನಾ ಕುಂದರ್ತೀನಿ ಇಕಿ ಹತ್ರ,
ನೀ ಪುರಾಣ ಕೇಳಿ ಬಾ."
ಪುರಾಣ ಇರಲಿ ಯವ್ವಾ, ಅಂದೆ,
ನನಗ ನಿದ್ದಿ ಬೇಕು.
ನಕ್ಕಳು. "ಮಕ್ಕೊ ಹಂಗಾದ್ರ. ಅದೂ ಪುಣ್ಯದ ಕೆಲಸ."
ಎರಡು ತಾಸು ಸತ್ತಂಗ ಮಕ್ಕೊಂಡೆ.

ಮುಂದ ಮೈಕಿನ ಚನಮಲ್ಲಪ್ಪ
ಬಡಗಣ ಕಂಬದ ಹಾರ್ನಿನ ವೈರು ಕಿತ್ತ.
ಅಲ್ಲೊಂದು ಚಾಪಿ ಬಿತ್ತು.
ದಾನವ್ವನ ಕೈಗೆ ಒಂದು ಖಾಲಿ ಕಂಡಿಕಿ,
ಹೊಳ್ಳಿಸ್ಕೋತ ಕುಂದರಾಕ.
ಅಜ್ಜಾರು ಮಂತ್ರಿಸಿದ ಬೂದಿ ಕೊಡಲಿಲ್ಲ,
ಮೈಕು ಒಂದು ಗೇಣು ದೂರ ಸರಿಸಿ ಮಾತಾಡಿದ್ರು.

ಎಲ್ಲಾರೂ ಬದಲಾದ್ರು ಅಂತ ಹೇಳಿದ್ರ ಸುಳ್ಳಾಕ್ಕೈತಿ.
ಮುಂದಿನ ಸಾಲಿನ ಗೌಡ್ತಿ
ಇವತ್ತಿಗೂ ಮಾರಿ ಗಂಟು ಹಾಕ್ತಾಳ.

ಮೊನ್ನೆ ಪುರಾಣದ ನಡುವ ಕರೆಂಟ್ ಹೋತು.
ಲೈಟು, ಮೈಕು, ಓಣಿ ಮಗ್ಗ, ಎಲ್ಲಾ ಗಪ್.
ದಾನವ್ವ ಒದರಿದಳು.
ನಾ ಕತ್ತಲದಾಗ ಚಪ್ಪಲಿ ನೆನೆಸಿದೆ.
ಅಷ್ಟರಾಗ ಬಾಳವ್ವನ ಅಂಗೈ
ನೆಲಾ ಬಡೀತು: ಖಟಕ್. ಖಟಕ್.
ಅದರ ಹಿಂದ ಇನ್ನೊಂದು ಕೈ, ಬಳಿ ಸಮೇತ.
ಮತ್ತೊಂದು ಸಾಲು. ಮತ್ತೊಂದು.
ಮಠದ ತುಂಬ ಮಗ್ಗ ಹೂಡಿದಂಗ.
ಆಕಿ ನನ್ನ ತೊಡಿ ಮ್ಯಾಲೆ ತಲಿ ಇಟ್ಟಳು.

ಗೌಡ್ತಿ ಬಡದಳೋ ಇಲ್ಲೋ
ಕತ್ತಲದಾಗ ನನಗ ಕಾಣಲಿಲ್ಲ.